ದುಂಡು ನಟ್ಟಿನ ಪುರಾಣ

ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ಅರ್ಧ ಗಂಟೆ ಹಳೇ ಕಾರ್ ರೇಸ್ ಆಟ ಆಡೋಣ ಅಂತ ಕೂತೆ. ರಾತ್ರಿ ಹನ್ನೊಂದಾದರೂ ಕಾರು ಗ್ಯಾರೇಜಿನಿಂದ ಆಚೆ ಬಂದಿರಲಿಲ್ಲ.

ಆಟದ ಹೆಸರು ಬೇಡ, ಮಾರಿದವರ ಹೆಸರೂ ಬೇಡ. ನನ್ನ ಕಾಲೇಜು ದಿನಗಳಲ್ಲಿ ಒಂದೇ ಸಿಡಿಯೊಳಗೆ ಸುಖವಾಗಿ ಸಂಸಾರ ಮಾಡಿಕೊಂಡಿದ್ದ ಆಟ ಅದು. ಈಗ ರೀಮಾಸ್ಟರ್ ಆಗಿದೆ, ಅಂದರೆ ಹಳೇ ಆಟಕ್ಕೆ ಹೊಸ ಮೆರುಗು ಕೊಟ್ಟು ಮತ್ತೆ ಮಾರೋದು. 700 ಎಂಬಿಯ ಒಂಟಿ ಕೋಣೆಯಲ್ಲಿದ್ದ ಗಿರಾಕಿಗೆ ಈಗ 60 ಜಿಬಿ ಬಂಗಲೆ ಬೇಕಂತೆ. ಇರಲಿ, ದೊಡ್ಡ ಮನುಷ್ಯ ಆಗಿದ್ದಾನೆ ಅಂದುಕೊಂಡು ಡೌನ್‌ಲೋಡ್‌ಗೆ ಹಾಕಿ ಒಂದು ನಿದ್ದೆ ತೆಗೆದೆ. ಎದ್ದು ನೋಡಿದರೆ ಶುರುವಾಗಿದ್ದು ಆಟ ಅಲ್ಲ, ಲಾಂಚರ್, ಅಂದರೆ ಆಟಕ್ಕೆ ಮುಂಚೆ ತೆರೆದುಕೊಳ್ಳೋ ಬಾಗಿಲಂಥ ಸಾಫ್ಟ್‌ವೇರ್. ಮದುವೆ ಮನೆ ಬಾಗಿಲಲ್ಲಿ ನಿಂತು "ನೀವು ಹುಡುಗನ ಕಡೆಯವರಾ, ಹುಡುಗಿ ಕಡೆಯವರಾ" ಅಂತ ವಿಚಾರಿಸೋ ದೊಡ್ಡಪ್ಪ ಒಬ್ಬರಿರ್ತಾರಲ್ಲ, ಇದು ಅವರ ಸ್ವಂತ ತಮ್ಮ. ಖಾತೆ ತೆರೆಯಿರಿ ಅಂದಿತು, ತೆರೆದೆ. ಹುಟ್ಟಿದ ವರ್ಷ ಕೇಳಿತು. ಪಟ್ಟಿ ಈ ವರ್ಷದಿಂದ ಶುರು, ಉರುಳಿಸಿ ಉರುಳಿಸಿ ನನ್ನ ವರ್ಷ ಸಿಗೋಷ್ಟರಲ್ಲಿ ಬೆರಳಿಗೂ ವಯಸ್ಸಾಯಿತು. ಮೇಲ್‌ಗೆ ಕೋಡ್ ಕಳಿಸಿದ್ದೇವೆ ಅಂದಿತು, ಬರಲಿಲ್ಲ. ಇನ್ನೊಮ್ಮೆ ಕಳಿಸು ಅಂದೆ. ಎರಡೂ ಒಟ್ಟಿಗೆ ಬಂದವು, ಯಾವುದೂ ನಡೆಯಲಿಲ್ಲ.

ಪಕ್ಕದಲ್ಲಿ ಕೂತಿದ್ದ ಅಕ್ಕನ ಮಗ ಕೇಳಿದ, "ಮಾಮ, ಹಳೇದನ್ನೇ ಆಡಬಹುದಲ್ವಾ?"

"ಹಳೇದು ಅಂಗಡಿಯಲ್ಲಿ ಇಲ್ಲ ಕಣೋ. ಹೊಸದು ಬರೋ ಹೊತ್ತಿಗೆ ಎತ್ತಿಟ್ಟುಬಿಟ್ರು."

"ಯಾಕೆ?"

ಒಂಬತ್ತನೇ ಕ್ಲಾಸಿನ ಹುಡುಗರು ಇಂಥ ಪ್ರಶ್ನೆ ಕೇಳಬಾರದು.

ಈ ವಿದ್ಯೆಗೆ ಗುರುಪೀಠ ಅಂತ ಒಂದಿದ್ದರೆ ಅದು ಜಿಟಿಎ, ಅಂದರೆ ‘ಗ್ರ್ಯಾಂಡ್ ಥೆಫ್ಟ್ ಆಟೋ’ ಆಟಗಳ ಟ್ರಿಲಜಿಯದು. ಕಥೆ ನಿಮಗೆ ಗೊತ್ತಿರೋದೇ. ಜಿಟಿಎ 3, ವೈಸ್ ಸಿಟಿ, ಸ್ಯಾನ್ ಆಂಡ್ರಿಯಾಸ್ ಮೂರನ್ನೂ ಒಂದೇ ಗಂಟು ಕಟ್ಟಿ, ‘ಡೆಫಿನಿಟಿವ್ ಎಡಿಷನ್’ ಅಂತ ಹೆಸರಿಟ್ಟು, 60 ಡಾಲರ್ ಬೆಲೆ ಹಚ್ಚಿ 2021ರ ನವೆಂಬರ್ 11ಕ್ಕೆ ಬಿಟ್ಟರು. ಡೆಫಿನಿಟಿವ್ ಅಂದರೆ ಇದೇ ಕೊನೇ ಮಾತು, ಇದರ ಮೇಲೆ ಅಪೀಲಿಲ್ಲ ಅಂತ ಅರ್ಥ. ಅದಕ್ಕೂ ಒಂದು ತಿಂಗಳು ಮುಂಚೆಯೇ ಹಳೆಯ ಮೂರನ್ನೂ ಆನ್‌ಲೈನ್ ಅಂಗಡಿಗಳಿಂದ ಇಳಿಸಿದ್ದರು. ಹೊಸ ಸೊಸೆ ಮನೆ ತುಂಬೋ ಮುಂಚೆ ಅತ್ತೆಯನ್ನು ಊರಿನ ಬಸ್ಸು ಹತ್ತಿಸಿದ ಹಾಗೆ.

ಸೊಸೆ ಬಂದಳು. ಬಂದ ದಿನವೇ ಜಿಟಿಎ ಯಜಮಾನರಾದ ರಾಕ್‌ಸ್ಟಾರ್ ಕಂಪನಿಯ ಲಾಂಚರ್ ಮಲಗಿತು, ಒಂದು ಇಡೀ ದಿನ ಕಳೆದರೂ ಏಳಲಿಲ್ಲ. ಪಿಸಿಯಲ್ಲಿ ದುಡ್ಡು ಕೊಟ್ಟವರು ಗೋಡೆ ನೋಡಿಕೊಂಡು ಕೂತರು. ಆಮೇಲೆ ಪಿಸಿ ಆವೃತ್ತಿಯನ್ನು ಮಾರಾಟದಿಂದಲೇ ಎರಡು ಮೂರು ದಿನ ತೆಗೆದರು. ಸೇರಬಾರದ ಕೆಲವು ಫೈಲುಗಳು ಅಕಸ್ಮಾತ್ ಸೇರಿಬಿಟ್ಟಿವೆ ಅಂತ ಕಾರಣ. ಆಟಗಳಿಗೆ ಅಂಕ ಹಾಕೋ ಮೆಟಾಕ್ರಿಟಿಕ್ ಜಾಲತಾಣದಲ್ಲಿ ಜನ ಹತ್ತಕ್ಕೆ ಒಂದು ಅಂಕವನ್ನೂ ಕೊಡಲಿಲ್ಲ. 19ನೇ ತಾರೀಖು ಕ್ಷಮಾಪಣೆ ಬಂತು, ಪಿಸಿಯ ಹಳೇ ಆಟಗಳನ್ನು ತಮ್ಮ ಅಂಗಡಿಯಲ್ಲಿ ಮತ್ತೆ ಇಡ್ತೀವಿ ಅಂತ ಮಾತೂ ಬಂತು. ಎಂಟೇ ದಿನಕ್ಕೆ ಅತ್ತೆಗೆ ವಾಪಸ್ ಟಿಕೆಟ್!

ಇದೆಲ್ಲ ಎಲ್ಲರೂ ಬರೆದು ಹಳಸಿದ ಸುದ್ದಿ. ನನ್ನ ಮನಸ್ಸಲ್ಲಿ ಉಳಿದಿರೋದು ಆ ನಟ್ಟು.

ಟಫ್ ನಟ್ ಡೋನಟ್ಸ್ ಅಂತ ಆಟದೊಳಗೊಂದು ಅಂಗಡಿ. ಹಳೇ ಆಟದಲ್ಲಿ ಅದರ ನೆತ್ತಿ ಮೇಲೆ ದೊಡ್ಡದೊಂದು ನಟ್ಟು ಇತ್ತು. ಬೋಲ್ಟಿಗೆ ಹಾಕ್ತಾರಲ್ಲ, ಆರು ಮೂಲೆಯ ಕಬ್ಬಿಣದ ನಟ್ಟು, ಅದೇ. ನಟ್ಟು, ಡೋನಟ್ಟು, ಎರಡಕ್ಕೂ ನಡುವೆ ತೂತು. ಜೋಕು ಅಷ್ಟೇ. ಅಂಥಾ ಹೊಟ್ಟೆ ಹುಣ್ಣಾಗಿಸೋ ಜೋಕೇನಲ್ಲ, ಆದರೂ ಯಾರೋ ಒಬ್ಬ ಕಲಾವಿದ ಕೂತು ಯೋಚಿಸಿ ಮಾಡಿದ್ದು. ರೀಮಾಸ್ಟರ್ ಮಾಡಿದವರಿಗೆ ಹಳೇ ಆಟದ ಮೂಲೆಗಳೆಲ್ಲ ಬಡ ಕಂಪ್ಯೂಟರಿನ ಕಾಲದ ದೋಷ. ಹಾಗಾಗಿ ಎಲ್ಲವನ್ನೂ ನುಣುಪು ಮಾಡುತ್ತಾ ಹೋದರು. ನುಣುಪು ಮಾಡುವ ಭರದಲ್ಲಿ ನಟ್ಟಿನ ಆರೂ ಮೂಲೆ ಹೋದವು. ಹೊಸ ಆಟ ಬಂದಾಗ ಅಂಗಡಿ ಮೇಲೆ ಸ್ಕೂಟರ್ ಟೈರಿನ ಹಾಗೆ ಏನೋ ಒಂದು ದುಂಡಗೆ ನಿಂತಿತ್ತು.

ನಮ್ಮ ಬೀದಿ ಮೆಕ್ಯಾನಿಕ್ ಒಬ್ಬರಿದ್ದಾರೆ. ಮೂಲೆ ಸವೆದ ನಟ್ಟು ಕಂಡರೆ ಅವರ ಬಿಪಿ ಏರುತ್ತೆ. "ಯಾರ್ರೀ ಇದನ್ನ ಬಿಚ್ಚಿದ್ದು? 12-13 ಸ್ಪ್ಯಾನರ್ ಹಾಕೋ ಕಡೆ ಕಟಿಂಗ್ ಪ್ಲೇಯರ್ ಹಾಕಿದ್ದಾರೆ, ಸ್ಲಿಪ್ ಆಗೋಗಿದೆ ನೋಡಿ" ಅಂತ ಶುರು ಮಾಡಿ, ಹಿಂದಿನ ಮೆಕ್ಯಾನಿಕ್‌ನ ವಂಶಾವಳಿ ಎಲ್ಲ ಬಿಡಿಸಿ, ಕೊನೆಗೆ ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆದು ಸಡಿಲ ಮಾಡ್ತಾರೆ. ಒಂದು ಸಲ ಮೊಬೈಲಲ್ಲಿ ಈ ಎರಡು ಚಿತ್ರ ತೋರಿಸಿದೆ. ಗ್ರೀಸ್ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಎರಡನ್ನೂ ನೋಡಿದರು. "ಎರಡನೇದು ರಿಪೇರಿಗೆ ಬಂದಿರೋದಾ ಸಾರ್?" ಅಂದರು. ಹೌದು ಅಂದೆ. ಸುಳ್ಳೇನೂ ಅಲ್ಲ.

ಆ ರಾಕ್‌ಸ್ಟಾರ್ ಕಂಪನಿಗೆ ನಮ್ಮ ಬೆಂಗಳೂರಲ್ಲೇ ಸ್ಟುಡಿಯೋ ಇದೆ. ಇಲ್ಲಿ 1997ರಿಂದ ಇದ್ದ ಧ್ರುವ ಇಂಟರ್‌ಆಕ್ಟಿವ್ ಅನ್ನೂ 2019ರಲ್ಲಿ ಕೊಂಡುಕೊಂಡರು. ಆದರೆ ಈ ಮೂರು ಆಟದ ಕೆಲಸ ವಹಿಸಿದ್ದು ಅಮೆರಿಕದ ಫ್ಲಾರಿಡಾದ ಗ್ರೋವ್ ಸ್ಟ್ರೀಟ್ ಗೇಮ್ಸ್ ಅನ್ನೋ ಸಣ್ಣ ಸ್ಟುಡಿಯೋಗೆ. ನಟ್ಟಿಗೆ ಎಷ್ಟು ಮೂಲೆ ಅಂತ ಜೆ.ಸಿ. ರೋಡಿಗೆ ಒಂದು ಫೋನ್ ಮಾಡಿದ್ದರೂ ಸಾಕಿತ್ತು.

ಮಂಜಿನ ಕಥೆ ಇನ್ನೂ ಚೆನ್ನ. ಸ್ಯಾನ್ ಆಂಡ್ರಿಯಾಸ್ ಬಂದಾಗ ಪ್ಲೇಸ್ಟೇಷನ್ 2ಗೆ ಅಷ್ಟು ದೂರ ಚಿತ್ರ ಬಿಡಿಸೋ ತಾಕತ್ತು ಇರಲಿಲ್ಲ. ಅದಕ್ಕೆ ದೂರದ್ದನ್ನೆಲ್ಲ ಮಂಜು ಹಾಕಿ ಮುಚ್ಚಿದ್ದರು. ಬಡವನ ಮನೆ ಪರದೆ. ಆದರೆ ಆ ಪರದೆಯಿಂದಲೇ ಆ ರಾಜ್ಯ ನಮಗೆ ಅಷ್ಟು ದೊಡ್ಡದಾಗಿ ಕಂಡಿದ್ದು. ಹಳ್ಳಿ ರಸ್ತೆಯಲ್ಲಿ ಲಾರಿ ಓಡಿಸಿಕೊಂಡು ಹೋಗ್ತಾ ಇದ್ದರೆ ಮುಂದೆ ಊರು ಬರುತ್ತೋ ಕಾಡು ಬರುತ್ತೋ ಗೊತ್ತಾಗುತ್ತಿರಲಿಲ್ಲ. ರೀಮಾಸ್ಟರ್‌ನಲ್ಲಿ ಮಂಜು ತೆಗೆದರು. ಮೌಂಟ್ ಚಿಲಿಯಾಡ್ ಹತ್ತಿ ನಿಂತರೆ ಈ ಊರು ಇಲ್ಲಿ, ಆ ಊರು ಅಲ್ಲಿ, ಸೈಟ್ ಬ್ರೋಕರ್ ಹಾಸಿ ತೋರಿಸೋ ಲೇಔಟ್ ನಕ್ಷೆ ಥರ ಪೂರ್ತಿ ರಾಜ್ಯ ಕಾಣಿಸಿತು. ಅಯ್ಯೋ, ಇಷ್ಟೇನಾ? ನಂದಿ ಬೆಟ್ಟಕ್ಕೆ ಜನ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹೋಗೋದು ಯಾಕೆ? ಮಂಜೇ ಅಲ್ಲಿನ ಮಾಲು. ಮಧ್ಯಾಹ್ನ ಹನ್ನೆರಡಕ್ಕೆ ಹೋಗಿ ನೋಡಿ, ಬಿಸಿಲು, ಕಲ್ಲು, ಚುರುಮುರಿ ಪೊಟ್ಟಣ ಕಿತ್ತುಕೊಳ್ಳೋ ಕೋತಿ.

ಮಂಜು ತೆಗೆದ ಮೇಲೆ ಕಣ್ಣಿಗೆ ಏನೂ ಅಡ್ಡ ಇರಬಾರದಲ್ವಾ? ಮಳೆ ಕೊಟ್ಟರು. ಬಿಳಿ ಗೆರೆ ಗೆರೆಯಾಗಿ, ಮುಖದ ಮುಂದೆ ಯಾರೋ ಪೊರಕೆ ಆಡಿಸಿದ ಹಾಗೆ. ರಸ್ತೆ ಕಾಣ್ತಾ ಇರಲಿಲ್ಲ. ಇದರ ಮೇಲೆ ಹಳೇ ಚಿತ್ರಗಳನ್ನು ಹಿಗ್ಗಿಸೋಕೆ ಎಐ ಬಳಸಿದ್ದರಿಂದ ಅಂಗಡಿ ಬೋರ್ಡುಗಳ ಕಾಗುಣಿತ ಕೆಟ್ಟಿತ್ತು. ಆ ಬೋರ್ಡುಗಳ ಬಗ್ಗೆ ಮಾತ್ರ ಅಮೆರಿಕದವರು ಯಾಕೆ ಅಷ್ಟು ಬೊಬ್ಬೆ ಹೊಡೆದರೋ. ಬೆಂಗಳೂರಿನ ಅಂಗಡಿ ಬೋರ್ಡುಗಳಲ್ಲಿ ಕನ್ನಡದ ಗತಿ ಏನಾಗಿದೆ ಅಂತ ದಿನಾ ನೋಡೋ ನಮಗೆ ಅದು ಮನೆಗೆ ಬಂದ ಹಾಗೆ ಇತ್ತು.

ಇನ್ನು ಹಾಡು. ಇದನ್ನು ಹೇಳಬೇಕಾದರೆ ಒಂದು ಹಳೇ ಪಾಪ ಒಪ್ಪಿಕೊಳ್ಳಬೇಕು. ನಮ್ಮಲ್ಲಿ ಎಷ್ಟು ಜನ ವೈಸ್ ಸಿಟಿಯನ್ನು ದುಡ್ಡು ಕೊಟ್ಟು ಆಡಿದ್ದೀವಿ? ನನ್ನದು ಎಸ್.ಪಿ. ರೋಡ್ ಪಕ್ಕದ ಗಲ್ಲಿಯಲ್ಲಿ ತಂದ ಸಿಡಿ. ಕಪ್ಪು ಮಾರ್ಕರ್‌ನಲ್ಲಿ ‘ವೈಸ್ ಸಿಟಿ ಫುಲ್’ ಅಂತ ಬರೆದಿತ್ತು, ಈಗಲೂ ಬೀರುವಿನಲ್ಲಿದೆ, ಗೀರು ಬಿದ್ದಾಗ ಟೂತ್‌ಪೇಸ್ಟ್ ಹಚ್ಚಿ ಉಜ್ಜಿದ ಗುರುತಿನ ಸಮೇತ. ಫುಲ್ ಅಂತ ಬರೆದಿದ್ದರೂ ಫುಲ್ ಇರಲಿಲ್ಲ. ಒಂದೇ ಸಿಡಿಗೆ ತುರುಕೋಕೆ ರೇಡಿಯೋ ಹಾಡುಗಳನ್ನೇ ಕತ್ತರಿಸಿದ್ದರು. ಎಷ್ಟೋ ವರ್ಷ ನಾನು ಆ ಊರಲ್ಲಿ ಮೂಕ ಕಾರು ಓಡಿಸಿದೆ. ಆಟ ಶುರುವಾಗಿ ಮೊದಲ ಸಲ ಕಾರು ಹತ್ತಿದಾಗ ಮೈಕಲ್ ಜಾಕ್ಸನ್ ಹಾಡು ಬರುತ್ತೆ ಅಂತ ಗೊತ್ತಾಗಿದ್ದೇ ಕೆಲಸಕ್ಕೆ ಸೇರಿದ ಮೇಲೆ, ದುಡ್ಡು ಕೊಟ್ಟು ಅಸಲಿ ಕೊಂಡಾಗ.

ಡೆಫಿನಿಟಿವ್ ಎಡಿಷನ್‌ನಲ್ಲಿ ಆ ಹಾಡು ಇಲ್ಲ. ಲೈಸೆನ್ಸ್ ಮುಗಿದ ಇನ್ನೂ ಹಲವು ಹಾಡುಗಳಿಲ್ಲ. ಗಲ್ಲಿಯ ಅಣ್ಣ ಜಾಗ ಸಾಲದೆ ಹಾಡು ಕಿತ್ತ, ಕಂಪನಿ ಕಾಗದ ಪತ್ರ ಸಾಲದೆ ಹಾಡು ಕಿತ್ತಿತು. ವ್ಯತ್ಯಾಸ ಏನು ಅಂದರೆ, ಅಣ್ಣನ ಸಿಡಿ 50 ರೂಪಾಯಿ, ಓಡದಿದ್ದರೆ ಬದಲಿಸಿಯೂ ಕೊಡುತ್ತಿದ್ದ.

ಸರಿ, ಹೊಗಳೋದನ್ನೂ ಮುಗಿಸಿಬಿಡ್ತೀನಿ. 2024ರ ನವೆಂಬರಿನಲ್ಲಿ ಒಂದು ಅಪ್‌ಡೇಟ್ ಬಂತು. ಅದರಲ್ಲಿ ‘ಕ್ಲಾಸಿಕ್ ಲೈಟಿಂಗ್’ ಅಂತ ಒಂದು ಸೌಲಭ್ಯ. ಒತ್ತಿದರೆ ಆಕಾಶ, ಬಣ್ಣ ಎಲ್ಲ ಹಳೇ ಆಟದ ಹಾಗೆ ಕಾಣುತ್ತೆ. ಮೂರು ವರ್ಷದ ತಪಸ್ಸು! ಹಳೇ ಮನೆಗೆ ಹೊಸ ಸುಣ್ಣ ಬಳಿದು, ಆ ಸುಣ್ಣವನ್ನು ಕೆರೆದು ಒಳಗಿನ ಹಳೇ ಸುಣ್ಣ ಕಾಣಿಸಿ, ನೋಡಿ ಎಷ್ಟು ಚೆನ್ನಾಗಿದೆ ಅಂತ ಬೆನ್ನು ತಟ್ಟಿಕೊಂಡ ಹಾಗೆ. ಜನರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಸುಳ್ಳು ಯಾಕೆ ಹೇಳಲಿ.

ಹೊಸದು ಮಾಡಬಾರದು ಅಂತ ಯಾರೂ ಹೇಳ್ತಿಲ್ಲ. ರೆಸಿಡೆಂಟ್ ಈವಿಲ್ 4 ಅನ್ನು 2023ರಲ್ಲಿ ಬುಡದಿಂದ ಕಟ್ಟಿದರು, ಚೆನ್ನಾಗಿತ್ತು, 2005ರ ಆಟವೂ ಸ್ಟೀಮ್‌ನಲ್ಲಿ ತನ್ನ ಪಾಡಿಗೆ ತಾನು ಉಳಿಯಿತು. ಸ್ಕೈರಿಮ್ ಅನ್ನು 2011, 2016, 2021 ಅಂತ ಸಾಲಾಗಿ ಮಾರುತ್ತಾ ಬಂದರು. ಯಾಕ್ರೀ ಅಂದಿದ್ದಕ್ಕೆ ಅದರ ಯಜಮಾನರು, ನೀವು ಕೊಳ್ಳೋದು ನಿಲ್ಲಿಸಿ, ನಾವು ಮಾರೋದು ನಿಲ್ಲಿಸ್ತೀವಿ ಅನ್ನೋ ಅರ್ಥದಲ್ಲಿ ನಕ್ಕರು. ಪ್ರಾಮಾಣಿಕ ವ್ಯಾಪಾರಿ. ಲಾಸ್ಟ್ ಆಫ್ ಅಸ್ 2013ರಲ್ಲಿ ಹುಟ್ಟಿತು, ಮರುವರ್ಷ ರೀಮಾಸ್ಟರ್, 2022ರಲ್ಲಿ ರೀಮೇಕ್. ಇನ್ನೂ ಬಾಣಂತನ ಮುಗಿದಿಲ್ಲ, ಷಷ್ಟಿಪೂರ್ತಿಗೆ ಹಾಲ್ ಬುಕ್ ಮಾಡಿದ ಹಾಗೆ. ಕೊಳ್ಳೋನು ಕೊಳ್ಳಲಿ, ಬಿಡೋನು ಬಿಡಲಿ, ನನಗೇನು?

ಕಸ್ತೂರಿ ನಿವಾಸಕ್ಕೆ 2014ರಲ್ಲಿ ಬಣ್ಣ ಹಾಕಿ ಮತ್ತೆ ಥಿಯೇಟರಿಗೆ ತಂದರಲ್ಲ, ಆಗ ಜನ ಇಬ್ಭಾಗವಾದರು. ಬಣ್ಣ ಬೇಕಿತ್ತಾ, ಬೇಡವಾಗಿತ್ತಾ. ಆದರೆ ಯಾರೂ ಮನೆ ಮನೆಗೆ ಬಂದು ಕಪ್ಪು ಬಿಳುಪಿನ ಕ್ಯಾಸೆಟ್ಟು ಕಿತ್ತುಕೊಂಡು ಹೋಗಲಿಲ್ಲ.

ವಾರ್‌ಕ್ರಾಫ್ಟ್ 3 ಆಡುತ್ತಿದ್ದವರಿಗೆ ಆಗಿದ್ದು ಹೆಚ್ಚುಕಡಿಮೆ ಅದೇ. 2020ರ ಜನವರಿಯಲ್ಲಿ ‘ರೀಫೋರ್ಜ್ಡ್’ ಬಂತು. ಬೇಡ, ನನಗೆ ನನ್ನ ಹಳೇದೇ ಸಾಕು ಅಂದವರ ಹಳೇದರ ಮೇಲೂ ಹೊಸ ಸಾಫ್ಟ್‌ವೇರ್ ಹೇರಿದರು, ಮುಂಚೆ ಇದ್ದ ಕೆಲವು ಸೌಲಭ್ಯಗಳೂ ಹೋದವು. ಜೊತೆಗೆ, ಆಟಗಾರರು ಮಾಡೋ ಕಸ್ಟಮ್ ಆಟಗಳ ಹಕ್ಕೆಲ್ಲ ನಮ್ಮದು ಅಂತ ಷರತ್ತು. ಯಾಕೆ ಅಂತೀರಾ? ಡೋಟಾ ಅನ್ನೋ ಜನಪ್ರಿಯ ಆಟ ಹುಟ್ಟಿದ್ದು ಆ ಆಟದಲ್ಲಿ ಯಾರೋ ಅಭಿಮಾನಿಗಳು ಮಾಡಿದ ಮ್ಯಾಪಿನಿಂದ. ಆ ಮಗು ಬೇರೆಯವರ ಮನೆ ಬೆಳಗಿತು. ಇನ್ನು ಮುಂದೆ ನಮ್ಮ ಹಿತ್ತಲಲ್ಲಿ ಯಾವ ಮಗು ಆಡಿದರೂ ಅದು ನಮ್ಮದೇ ಅಂತ ಬೋರ್ಡು ಹಾಕಿದರು.

ಜಿಟಿಎ ಅಭಿಮಾನಿಗಳ ಕಥೆಯಲ್ಲಿ ನನಗೆ ನಗು ಬರೋದಿಲ್ಲ. ಕೆಲವರು ಸೇರಿ ಜಿಟಿಎ 3 ಮತ್ತು ವೈಸ್ ಸಿಟಿಯ ಕೋಡನ್ನು ಸಾಲು ಸಾಲಾಗಿ ಬಿಡಿಸಿ, ಇವತ್ತಿನ ಕಂಪ್ಯೂಟರಿನಲ್ಲಿ ಸಲೀಸಾಗಿ ಓಡೋ ಹಾಗೆ ಮತ್ತೆ ಬರೆದರು. ಪುಕ್ಕಟೆ. ಅಸಲಿ ಆಟದ ಫೈಲುಗಳು ನಿಮ್ಮ ಹತ್ತಿರ ಇದ್ದರೆ ಮಾತ್ರ ಅದು ನಡೆಯೋದು. 2021ರ ಸೆಪ್ಟೆಂಬರಿನಲ್ಲಿ ರಾಕ್‌ಸ್ಟಾರ್‌ನ ಒಡೆಯ ಕಂಪನಿ ಟೇಕ್-ಟು ಆ ಅಭಿಮಾನಿಗಳ ಮೇಲೆ ಕೇಸು ಹಾಕಿತು. ಎರಡು ತಿಂಗಳಿಗೆ ದುಂಡು ನಟ್ಟು ಬಿಡುಗಡೆ ಆಯಿತು. ಕಾನೂನು ಅವರ ಕಡೆ ಇರಬಹುದು, ನಾನು ವಕೀಲನಲ್ಲ. ಆದರೆ ನೀವೂ ನೆಟ್ಟಗೆ ಮಾಡಲ್ಲ, ಮಾಡೋರನ್ನೂ ಬಿಡಲ್ಲ, ಹಳೇದನ್ನೂ ಅಂಗಡಿಯಿಂದ ಇಳಿಸ್ತೀರಿ. ಏನ್ ಮಾಡಬೇಕು ನಾವು? ದುಡ್ಡು ಹಿಡಿದುಕೊಂಡು ನಿಂತಿದೀವಿ ಸ್ವಾಮಿ. ಅವತ್ತು ದುಡ್ಡಿರಲಿಲ್ಲ, ಕದ್ದು ಆಡಿದ್ವಿ. ಇವತ್ತು ಇದೆ, ತಗೊಳ್ಳಿ ಅಂದರೆ ಮಾಲೇ ಇಲ್ಲ. ಅಮೆರಿಕದಲ್ಲಿ 2010ಕ್ಕೆ ಮುಂಚೆ ಬಂದ ಆಟಗಳಲ್ಲಿ ನೂರಕ್ಕೆ 87 ಈಗ ಮಾರುಕಟ್ಟೆಯಲ್ಲಿ ಸಿಗೋದಿಲ್ಲ ಅಂತ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಕೊಟ್ಟಿತು. ಉಳಿದ 13ರಲ್ಲೂ ನಾಳೆ ಯಾರಿಗೆ ನುಣುಪಾಗೋ ಯೋಗ ಇದೆಯೋ.

ನಮ್ಮ ಹುಡುಗ ಅಷ್ಟರಲ್ಲಿ ಮೊಬೈಲ್ ಹಿಡಿದು ಮಲಗಿದ್ದ. ಬೀರು ತೆಗೆದು ‘ವೈಸ್ ಸಿಟಿ ಫುಲ್’ ಸಿಡಿ ಹೊರಗೆ ತೆಗೆದೆ. ಲ್ಯಾಪ್‌ಟಾಪಿನ ಎಡಗಡೆ ನೋಡಿದೆ, ಬಲಗಡೆ ನೋಡಿದೆ. ಸಿಡಿ ಹಾಕೋ ಜಾಗವೇ ಇಲ್ಲ. ಆ ಸಿಡಿಯ ಆಟದಲ್ಲಿ ಒಂದು ಚೀಟ್ ಕೋಡ್ ಇತ್ತು, ನೆನಪಿದೆಯಾ? ಪೊಲೀಸರು ಬೆನ್ನು ಬಿದ್ದಾಗ ‘ಲೀವ್‌ಮಿಅಲೋನ್’ ಅಂತ ಟೈಪ್ ಮಾಡಿದರೆ ಸಾಕು, ಪೊಲೀಸರು ಎಷ್ಟು ಹುಡುಕ್ತಿದ್ದಾರೆ ಅಂತ ತೋರಿಸೋ ಸ್ಟಾರ್‌ಗಳೆಲ್ಲ ಮಾಯ, ಎಲ್ಲರೂ ತೆಪ್ಪಗೆ ವಾಪಸ್. ಇಂಗ್ಲಿಷ್ ಪೇಪರ್‌ನಲ್ಲಿ ಡುಮ್ಕಿ ಹೊಡೆದ ನಮ್ಮ ಸೈಬರ್ ಕೆಫೆಯ ಹುಡುಗರು ಕೂಡ ಅದರ ಸ್ಪೆಲ್ಲಿಂಗ್ ತಪ್ಪುತ್ತಿರಲಿಲ್ಲ.

ಲಾಂಚರ್ ಇನ್ನೂ ತೆರೆದೇ ಇತ್ತು. ಹೊಸ ಪಾಸ್‌ವರ್ಡ್ ಕೊಡಿ ಅಂತ ಕಾಯುತ್ತಿತ್ತು. ಬೆರಳು ತಾನಾಗಿ ಅದೇ ಟೈಪ್ ಮಾಡಿತು.

ಕನಿಷ್ಠ ಒಂದು ಅಂಕಿ ಮತ್ತು ಒಂದು ವಿಶೇಷ ಚಿಹ್ನೆ ಇರಬೇಕು ಅಂದಿತು.