ಮಾವನ ತೂಕ ಎಷ್ಟು?

ಡೆನ್ವರ್‌ನಲ್ಲಿ ಸಣ್ಣ ವಿಮಾನ ಹಾರಿಸುವವರಿಗೆ ಬೇಸಿಗೆಯ ಮಧ್ಯಾಹ್ನ ಆಗಿಬರುವುದಿಲ್ಲ. ನಾನು ಬಾಡಿಗೆಗೆ ತಗೊಳ್ಳುವ ಸೆಸ್ನಾ 172 ಇರುವುದು ಸೆಂಟೆನಿಯಲ್ ಏರ್‌ಪೋರ್ಟಿನಲ್ಲಿ. ಅದೇ ಸಮುದ್ರಮಟ್ಟದಿಂದ 5,885 ಅಡಿ ಮೇಲಿದೆ. ಬಿಸಿಲು 32 ಡಿಗ್ರಿ ಮುಟ್ಟಿದರೆ ಗಾಳಿ ಇನ್ನೂ ತೆಳುವಾಗಿ, ವಿಮಾನ ಸುಮಾರು 9,300 ಅಡಿಯಲ್ಲಿ ನಿಂತ ಹಾಗೆ ಏದುಸಿರು ಬಿಡುತ್ತದೆ. ನಮ್ಮ ಮುಳ್ಳಯ್ಯನಗಿರಿಯ ತುದಿಯೇ 6,300 ಚಿಲ್ಲರೆ, ಅಲ್ವಾ?

ಇದರ ಲೆಕ್ಕಕ್ಕೆ ಈಗ ಐಪ್ಯಾಡ್‌ನಲ್ಲಿ ಆ್ಯಪ್ ಇದೆ. ತಾಪಮಾನ, ಗಾಳಿ, ಪೆಟ್ರೋಲು, ಕೂರುವವರ ತೂಕ ಕೊಟ್ಟರೆ ಎಷ್ಟು ಅಡಿ ಓಡಿ ಮೇಲೇಳುತ್ತೆ ಅಂತ ಹೇಳುತ್ತದೆ. ಆ ಅಂಕಿಗಳ ಮೂಲ ಹೊಚ್ಚಹೊಸ ವಿಮಾನ, ಪಳಗಿದ ಟೆಸ್ಟ್ ಪೈಲಟ್. ಕ್ಲಬ್ಬಿನ ಹಳೇ ವಿಮಾನಕ್ಕೂ ನನ್ನ ಕೈಗುಣಕ್ಕೂ ಸೇರಿಸಿ ನಾನು ಅರ್ಧದಷ್ಟು ಜಾಸ್ತಿ ಹಿಡಿಯುತ್ತೇನೆ.

ಆದರೆ ಮಾವನ ತೂಕಕ್ಕೆ ಎಷ್ಟು ಜಾಸ್ತಿ ಹಿಡಿಯಬೇಕು?

ಮೈಸೂರಿನಿಂದ ಬಂದ ಅತ್ತೆ-ಮಾವನಿಗೆ ಮೇಲಿಂದ ರಾಕಿ ಬೆಟ್ಟಗಳನ್ನು ತೋರಿಸುವ ಪ್ಲ್ಯಾನು. ಅತ್ತೆ ಸೀದಾ ಹೋಗಿ ತೂಕದ ಮಷೀನ್ ಹತ್ತಿ "61" ಅಂದರು. ಮಾವ ಸೋಫಾದಿಂದಲೇ "68 ಹಾಕ್ಕೊಳ್ಳಿ ಅಳಿಯಂದ್ರೇ" ಅಂದರು. ಯಾವಾಗ ನೋಡಿದ್ದು? ರಿಟೈರ್ ಆಗೋಕೆ ಮುಂಚೆ! ಹೊರಡುವ ರಾತ್ರಿ ಸೂಟ್‌ಕೇಸ್ ಎತ್ತಿ ಎತ್ತಿ ತೂಗಿ, 23 ಕೆಜಿ ದಾಟದಂತೆ ಹುಣಸೆಹಣ್ಣನ್ನು ಆ ಕಡೆಯಿಂದ ಈ ಕಡೆ ಹಾಕಿದವರು ಇವರೇ.

ಮೆಲ್ಬರ್ನ್ ಕಥೆ ಹೇಳಿದೆ. 2009ರ ಮಾರ್ಚಿನಲ್ಲಿ ಅಲ್ಲಿ ಒಂದು ಏರ್‌ಬಸ್ ಎ340 ಹೊರಟಿತ್ತು. ಲ್ಯಾಪ್‌ಟಾಪಿಗೆ 362.9 ಟನ್ ಬದಲು 262.9 ಅಂತ ಕೊಟ್ಟಿದ್ದರು. ಸಾಫ್ಟ್‌ವೇರ್ ಪಾಪ, ಕೊಟ್ಟ ಅಂಕಿಗೆ ಸರಿಯಾಗೇ ಉತ್ತರ ಕೊಟ್ಟಿತು. ವಿಮಾನ ಏಳಲಾರದೆ ಬಾಲವನ್ನು ರನ್‌ವೇಗೆ ಉಜ್ಜಿಕೊಂಡು ಎದ್ದಿತು. ಯಾರಿಗೂ ಏನೂ ಆಗಲಿಲ್ಲ, ವಾಪಸ್ ಬಂದು ಇಳಿಯಿತು.

"ನೂರು ಟನ್ ನಾನಿಲ್ಲವಲ್ಲ" ಎನ್ನುತ್ತಲೇ ಮಾವ ಮಷೀನ್ ಹತ್ತಿದರು. 79.

ನಾಲ್ಕು ಜನ, ಫುಲ್ ಟ್ಯಾಂಕ್ ಅಂದದ್ದೇ ಆ್ಯಪ್ ಕೆಂಪಾಯಿತು. ಹೆಂಡತಿ ತಾನು ಮನೆಯಲ್ಲೇ ಇರ್ತೀನಿ ಅಂದಳು. ಅಂದ ವೇಗ ನೋಡಿದರೆ ನನ್ನ ಹಾರಾಟದ ಬಗ್ಗೆ ಅವಳ ಅಭಿಪ್ರಾಯ ಗೊತ್ತಾಗುತ್ತಿತ್ತು. ಟ್ಯಾಂಕ್ ಅರ್ಧ ಮಾಡಿ, ಬೆಳಗ್ಗೆ ಆರಕ್ಕೆ, 15 ಡಿಗ್ರಿ ತಂಪಿನಲ್ಲಿ ಹೊರಡುವುದು ಅಂತಾಯಿತು.

ಬೆಳಗ್ಗೆ ನೋಡಿದರೆ ಮಾವನ ಕೈಯಲ್ಲಿ ನಾಲ್ಕು ಡಬ್ಬಿಯ ಸ್ಟೀಲ್ ಕ್ಯಾರಿಯರ್. ಇಡ್ಲಿ, ಚಟ್ನಿ, ಮೇಲೆ ಒಂದು ಫ್ಲಾಸ್ಕ್ ಕಾಫಿ.

"ಇದನ್ನೂ ತೂಗಬೇಕು ಮಾವ."

"ಹತ್ತುವಾಗ ಮಾತ್ರ ಬರ್ಕೊಳ್ಳಿ. ಇಳಿಯುವಾಗ ಪೆಟ್ರೋಲ್ ಕಮ್ಮಿ ಆಗುತ್ತೆ ಅಂತ ನಿಮ್ಮ ಆ್ಯಪ್ ಕಳೀತದಲ್ಲ, ಹಾಗೇ ಇಡ್ಲೀನೂ ಕಳೀರಿ. ಅಷ್ಟರಲ್ಲಿ ನಾವು ತಿಂದು ಮುಗಿಸಿರ್ತೀವಿ."

"ತಿಂದದ್ದು ಎಲ್ಲಿಗೆ ಹೋಗುತ್ತೇರೀ?" ಅತ್ತೆ ಹಿಂದಿನ ಸೀಟಿನಿಂದ ಕೇಳಿದರು.