ಒಂಬತ್ತು ಕಾಫಿ ಬಾಕಿ

ನನ್ನ ಹೆಂಡತಿ ಶಿವಮೊಗ್ಗದ ಬಸ್ಸು ಹತ್ತಿದ ಮಾರನೇ ಬೆಳಿಗ್ಗೆಯೇ ನಮ್ಮ ಮನೆಯ ಕಾಫಿ ಫಿಲ್ಟರ್ ಕಚ್ಚಿಕೊಂಡಿತು. ಸ್ಟೀಲಿನ ಹಳೇ ಫಿಲ್ಟರ್, ಮದುವೆಯಲ್ಲಿ ಅತ್ತೆಯವರು ಕೊಟ್ಟಿದ್ದು. ಅದಕ್ಕೂ ನನಗೂ ಮೊದಲಿನಿಂದ ಅಷ್ಟಕ್ಕಷ್ಟೇ.

ತಪ್ಪು ನನ್ನದೇ. ರಾತ್ರಿ ಪುಡಿ ಹಾಕಿ, ಒಳಗಿನ ಕೊಡೆಯಂಥ ಬಿಲ್ಲೆಯನ್ನು ಸ್ವಲ್ಪ ಜಾಸ್ತಿಯೇ ಒತ್ತಿದೆ. ಡಿಕಾಕ್ಷನ್ ಗಟ್ಟಿ ಬರಲಿ ಅಂತ ಆಸೆ. ಬೆಳಿಗ್ಗೆ ನೋಡಿದರೆ ಮೇಲೆ ಹಾಕಿದ ನೀರು ಮೇಲೇ ಇದೆ, ಕೆಳಗೆ ಒಂದು ತೊಟ್ಟೂ ಇಳಿದಿಲ್ಲ. ತಟ್ಟಿದೆ. ಅಲ್ಲಾಡಿಸಿದೆ. ಅಡುಗೆ ಕಟ್ಟೆಯ ಮೇಲೆ ಒಂದು ಸಲ ಕುಕ್ಕಿದೆ. ಆಗ ಮೇಲಿನ ಪಾತ್ರೆ ಕೆಳಗಿನದರೊಳಗೆ ಓರೆಯಾಗಿ ಕೂತುಬಿಟ್ಟಿತು. ಬಟ್ಟೆ ಸುತ್ತಿ ತಿರುಗಿಸಿದೆ, ಮಂಡಿಗಳ ನಡುವೆ ಇಟ್ಟುಕೊಂಡು ಎಳೆದೆ. ಜಪ್ಪಯ್ಯ ಅಂದರೂ ಬಿಡಲಿಲ್ಲ. ಮೇಲಿದ್ದ ನೀರು ಮಾತ್ರ ನನ್ನ ಬನಿಯನ್ನಿಗೆ ಇಳಿಯಿತು.

ಹೊಸ ಫಿಲ್ಟರ್ ತರಬಹುದಿತ್ತು. ತಂದರೆ ಹಳೆಯದೆಲ್ಲಿ ಅನ್ನುವ ಪ್ರಶ್ನೆ ಬರುತ್ತದೆ. ಫೋನ್ ಮಾಡಿ ಉಪಾಯ ಕೇಳಬಹುದಿತ್ತು. ಕೇಳಿದರೆ ಉಪಾಯದ ಜೊತೆ ಇನ್ನೂ ನಾಲ್ಕು ಮಾತು ಬರುತ್ತವೆ. ಫಿಲ್ಟರನ್ನು ಅಕ್ಕಿ ಡ್ರಮ್ಮಿನ ಹಿಂದೆ ಇಟ್ಟು, ಅಂಗಿ ಬದಲಾಯಿಸಿ ಹೊರಟೆ. ಹತ್ತು ದಿನ ತಾನೆ. ಬೆಂಗಳೂರಿನಲ್ಲಿ ಕಾಫಿಗೆ ಬರವೇ?

ನಾವಿರುವುದು ತ್ಯಾಗರಾಜನಗರದಲ್ಲಿ. ಎರಡನೇ ತಿರುವಿನಲ್ಲಿ ಒಂದು ಪುಟ್ಟ ದರ್ಶಿನಿ ಇದೆ. ಕೂರಲು ಕುರ್ಚಿ ಇಲ್ಲ, ಎದೆಮಟ್ಟದ ನಾಲ್ಕು ಸ್ಟೀಲ್ ಮೇಜು, ಮುಂದೆ ಒಂದು ಹೊಂಗೆ ಮರ. ಕೌಂಟರಿನಲ್ಲಿ ನಿಂತು "ಒಂದು ಬೈಟು" ಅಂದೆ. ಬಾಯಿ ತಪ್ಪಿ ಅಂದದ್ದು. ಮೂವತ್ತು ವರ್ಷದಿಂದ ಹೆಂಡತಿಯ ಜೊತೆ ಹೋದಾಗಲೆಲ್ಲ ಅದನ್ನೇ ಹೇಳಿ ನಾಲಿಗೆಗೆ ಅಭ್ಯಾಸವಾಗಿದೆ.

ಕಾಫಿಗೆ 18 ರೂಪಾಯಿ. ಫೋನ್ ತೆಗೆದು ಸ್ಕ್ಯಾನ್ ಮಾಡಿ ದುಡ್ಡು ಹಾಕಿದೆ. ಕೌಂಟರಿನ ಮೇಲಿದ್ದ ಡಬ್ಬಿ ಎಲ್ಲರಿಗೂ ಕೇಳುವ ಹಾಗೆ "ನೂರ ಎಂಬತ್ತು ರೂಪಾಯಿ ಸ್ವೀಕರಿಸಲಾಗಿದೆ" ಅಂತ ಕೂಗಿತು. ಇಡ್ಲಿ ತಿನ್ನುತ್ತಿದ್ದವರೆಲ್ಲ ತಿರುಗಿ ನೋಡಿದರು. ಮೂವತ್ತೆರಡು ವರ್ಷ ಬ್ಯಾಂಕಿನಲ್ಲಿ ಕೂತು ಬೇರೆಯವರ ಚೆಕ್ಕಿನಲ್ಲಿ ಸೊನ್ನೆ ಎಣಿಸಿದವನು ನಾನು. ಕನ್ನಡಕ ಮನೆಯಲ್ಲಿತ್ತು.

"ಸಾರ್, ಹತ್ತು ಕಾಫಿ ಯಾರಿಗೆ?" ಅಂದ ಕ್ಯಾಶ್ ಹುಡುಗ.

ಹೇಳಿದೆ. ಅವನು ತಲೆ ಕೆರೆದುಕೊಂಡ. "ದುಡ್ಡು ಓನರ್ ಅಕೌಂಟಿಗೆ ಹೋಗತ್ತೆ ಸಾರ್. ವಾಪಸ್ ಹಾಕಕ್ಕೆ ನನ್ ಕೈಲಾಗಲ್ಲ. ಒಂಬತ್ತು ಕಾಫಿ ಬಾಕಿ ಅಂತ ಬರ್ಕೊಳ್ತೀನಿ. ದಿನಾ ಬನ್ನಿ." ಹಿಂದಿನ ಕ್ಯಾಲೆಂಡರಿನ ಮೂಲೆಯಲ್ಲಿ ಪೆನ್ನಿನಿಂದ ಒಂಬತ್ತು ಗೆರೆ ಎಳೆದ.

ಅಷ್ಟರಲ್ಲಿ ಎರಡು ಗ್ಲಾಸು ಬಂದವು, ಅರ್ಧರ್ಧ ಕಾಫಿ. ಒಂದನ್ನು ಕೈಗೆತ್ತಿಕೊಂಡು ಇನ್ನೊಂದನ್ನು ಏನು ಮಾಡುವುದು ಅಂತ ನೋಡುತ್ತಿದ್ದೆ. ಪಕ್ಕದಿಂದ ಒಂದು ಕೈ ಬಂದು ಅದನ್ನು ಎತ್ತಿಕೊಂಡಿತು. ಮಂಕಿ ಕ್ಯಾಪ್ ಹಾಕಿದ್ದ ಹಿರಿಯರು. "ಬೈಟುಗೆ ಜನ ಹುಡುಕ್ತಾ ಇದ್ದೆ ಕಣ್ರೀ. ಡಾಕ್ಟ್ರು ಅರ್ಧ ಕಾಫಿಗಿಂತ ಜಾಸ್ತಿ ಬೇಡ ಅಂದಿದಾರೆ" ಅಂದರು. ಜೇಬಿನಿಂದ ಒಂದು ಐದರ ನಾಣ್ಯ, ಎರಡು ಎರಡರ ನಾಣ್ಯ ತೆಗೆದು ನನ್ನ ಅಂಗೈಯಲ್ಲಿಟ್ಟರು. ಸರಿಯಾಗಿ ಒಂಬತ್ತು ರೂಪಾಯಿ. ಬೇಡ ಅಂದರೆ ಕೇಳಲಿಲ್ಲ. "ಲೆಕ್ಕ ಲೆಕ್ಕವೇ" ಅಂದರು. ನಾನು ಬ್ಯಾಂಕಿನವನು, ಈ ಮಾತಿಗೆ ಎದುರು ಹೇಳುವುದು ನನಗೆ ಸಾಧ್ಯವಿಲ್ಲ.

ಹೀಗೆ ದರ್ಶಿನಿಯೊಂದಕ್ಕೆ ಖಾಯಂ ಗಿರಾಕಿಯಾದೆ. ಹೆಸರೂ ಬಂತು. ಮೂರನೇ ದಿನದಿಂದ ಕ್ಯಾಶ್ ಹುಡುಗ ನನ್ನನ್ನು "ನೂರೆಂಬತ್ತು ಸಾರ್" ಅಂತಲೇ ಕರೆಯತೊಡಗಿದ.

ಇಂಥ ನಿಂತು ತಿನ್ನುವ ಹೋಟೆಲು ಯಾವಾಗಲೂ ಇತ್ತು ಅನ್ನಿಸುತ್ತದೆ, ಅಲ್ವಾ? ಇರಲಿಲ್ಲ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದ ಮೇಲೆ ಊರು ತುಂಬಾ ಹಬ್ಬಿದ್ದು. ಅದಕ್ಕೂ ಮುಂಚೆ ಕಾಫಿ ಅಂದರೆ ಕೂತು, ಮಾಣಿಯ ದಾರಿ ಕಾದು, ಪೇಪರು ಓದಿ ಮುಗಿಸುವ ಕೆಲಸ. ನಿಂತು ಕುಡಿದರೆ ಬೇಗ ಜಾಗ ಖಾಲಿ ಮಾಡುತ್ತಾರೆ ಅನ್ನುವುದು ಲೆಕ್ಕಾಚಾರ. ನಮ್ಮ ಮಂಕಿ ಕ್ಯಾಪಿನವರು ಆ ಲೆಕ್ಕಾಚಾರವನ್ನು ದಿನವೂ ಸುಳ್ಳು ಮಾಡುತ್ತಿದ್ದರು. ಅರ್ಧ ಕಾಫಿಗೆ ಮುಕ್ಕಾಲು ಗಂಟೆ.

ಅಷ್ಟು ಹೊತ್ತು ನಿಂತ ಕಾರಣ ನಾನೂ ಕಾಫಿ ಮಾಡುವವನನ್ನು ಸರಿಯಾಗಿ ನೋಡಿದೆ. ಸ್ಟೀಲ್ ಕಟ್ಟೆಯ ಮೇಲೆ ಎಂಟು ಗ್ಲಾಸು ಸಾಲಾಗಿ ಇಡುತ್ತಾನೆ. ಚಮಚ ಆ ಕಡೆಯಿಂದ ಈ ಕಡೆಗೆ ಓಡಿ ಎಲ್ಲದಕ್ಕೂ ಸಕ್ಕರೆ ಬೀಳುತ್ತದೆ. "ಶುಗರ್‌ಲೆಸ್" ಅಂದವರ ಗ್ಲಾಸನ್ನು ಮಾತ್ರ ಚಮಚ ಹಾರುತ್ತದೆ, ಅದು ಯಾವುದು ಅನ್ನುವುದು ಅವನ ತಲೆಯಲ್ಲಿ. ಆಮೇಲೆ ಡಿಕಾಕ್ಷನ್. ಅಳತೆಯಿಲ್ಲ, ಬರೀ ಮಣಿಕಟ್ಟಿನ ಓಲಾಟ. "ಸ್ಟ್ರಾಂಗ್" ಅಂದವರಿಗೆ ಮಣಿಕಟ್ಟು ಒಂದು ಉಸಿರು ಜಾಸ್ತಿ ನಿಲ್ಲುತ್ತದೆ. ಆಮೇಲೆ ಕುದಿಯುವ ಹಾಲು, ಮೇಲಿನಿಂದ. ನೊರೆ ಅಂಚಿನವರೆಗೆ ಬಂದು, ಇನ್ನೇನು ಚೆಲ್ಲಿತು ಅನ್ನುವಾಗ ನಿಲ್ಲುತ್ತದೆ. ಆ ಗ್ಲಾಸನ್ನು ಅಂಚಿನಲ್ಲಿ ಎರಡೇ ಬೆರಳಿನಿಂದ ಹಿಡಿಯಬೇಕು. ಮಧ್ಯದಲ್ಲಿ ಹಿಡಿದರೆ ಹೊರಗಿನವರು ಅಂತ ಗೊತ್ತಾಗುತ್ತದೆ, ಕೈಯೂ ಸುಡುತ್ತದೆ.

ರುಚಿ ಹತ್ತಿದ ಮೇಲೆ ಸುಮ್ನೆ ಕೂರಲಾಗುವುದಿಲ್ಲ. ಹೇಗೂ ಕೇಳುವವರಿಲ್ಲ, ಊರಿನ ಹಳೇ ಕಾಫಿಗಳನ್ನೆಲ್ಲ ಒಂದು ಸುತ್ತು ಹಾಕೋಣ ಅಂತ ನಿರ್ಧರಿಸಿದೆ. ಬೆಳಿಗ್ಗೆ ಬೇಗ ಎದ್ದು ಗಾಂಧಿಬಜಾರಿಗೆ ನಡೆದೆ. ವಿದ್ಯಾರ್ಥಿ ಭವನ, 1943ರ ಹೋಟೆಲು. ಮಾಣಿ ಹತ್ತು ಹನ್ನೆರಡು ದೋಸೆ ತಟ್ಟೆಗಳನ್ನು ಒಂದೇ ಕೈಯಲ್ಲಿ ಅಟ್ಟ ಕಟ್ಟಿಕೊಂಡು ಬರುವುದನ್ನು ನೋಡುತ್ತಾ ಕಾಫಿ ಕುಡಿಯುವುದು ನನ್ನ ಕನಸು. ಹೋದರೆ ಬಾಗಿಲು ಹಾಕಿತ್ತು. ಅವತ್ತು ಶುಕ್ರವಾರ. ಶುಕ್ರವಾರ ಅವರಿಗೆ ರಜ ಅನ್ನುವುದು ಈ ಭಾಗದಲ್ಲಿ ಹಸುಳೆಗೂ ಗೊತ್ತು.

ಪೆಟ್ಟು ತಿಂದ ಮೇಲಾದರೂ ಬುದ್ಧಿ ಬರಬೇಕಿತ್ತು. ಎರಡು ದಿನ ಬಿಟ್ಟು ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಹೊರಟೆ. 1965ರಿಂದ ಇರುವ ಜಾಗ. ಇಡ್ಲಿ, ವಡೆ, ಖಾರಾಬಾತು, ಕೇಸರಿಬಾತು, ಕಾಫಿ. ಪಟ್ಟಿ ಹೆಚ್ಚೂಕಮ್ಮಿ ಅಲ್ಲಿಗೇ ಮುಗಿಯಿತು. ಸಾಂಬಾರ್ ಇಲ್ಲ, ಚಟ್ನಿ ಮಾತ್ರ, ಎಷ್ಟು ಸಲ ಹೋದರೂ ಹಾಕುತ್ತಾರೆ. ಎರಡೂವರೆ ಕಿಲೋಮೀಟರ್ ನಡೆದು ಹೋಗಿ ನೋಡಿದರೆ ಶಟರ್ ಇಳಿದಿತ್ತು. ಭಾನುವಾರ ರಜ. ಎದುರಿಗೆ ಪೇಪರ್ ಹಂಚುತ್ತಿದ್ದವನು ನನ್ನ ಮುಖ ನೋಡಿ, "ನಾಳೆ ಬನ್ನಿ ಸಾರ್" ಅಂದ. ಮಾರನೇ ದಿನ ಮತ್ತೆ ಹೋದೆ. ಚಟ್ನಿಗೆ ಮೂರು ಸಲ ಹೋದೆ. ನಾಲ್ಕನೇ ಸಲ ಇಡ್ಲಿ ಮುಗಿದಿತ್ತು, ಬರೀ ಚಟ್ನಿಗೆ ತಟ್ಟೆ ಒಡ್ಡಲು ನಾಚಿಕೆಯಾಗಿ ಇನ್ನೊಂದು ಇಡ್ಲಿ ತಗೊಂಡೆ. ಕಾಫಿ ಬಗ್ಗೆ ಹೇಳಬೇಕಾಗಿಲ್ಲ.

ಚರ್ಚ್ ಸ್ಟ್ರೀಟಿನ ಇಂಡಿಯಾ ಕಾಫಿ ಹೌಸಿಗೂ ಹೋದೆ. ನಾನು ಕೆಲಸಕ್ಕೆ ಸೇರಿದಾಗ ಅದು ಎಂ.ಜಿ. ರಸ್ತೆಯಲ್ಲಿತ್ತು, 2009ರಲ್ಲಿ ಅಲ್ಲಿಂದ ಎದ್ದು ಇಲ್ಲಿಗೆ ಬಂತು. ಮಾಣಿಗಳ ಪೇಟ, ಬೆಲ್ಟು, ಬಿಳೀ ಉಡುಪು ಹಾಗೇ ಇದೆ. ಪೇಟದವರು ಬಂದು ಪಕ್ಕ ನಿಂತಾಗ ನಾನೇ ಎದ್ದು ನಿಂತು ನಮಸ್ಕಾರ ಮಾಡಿಬಿಟ್ಟೆ. ಅವರು ಒಂದು ಕ್ಷಣ ಗೊಂದಲಗೊಂಡು ಪ್ರತಿನಮಸ್ಕಾರ ಮಾಡಿ, ಆಮೇಲೆ ಆರ್ಡರ್ ಕೇಳಿದರು.

ಈ ನಡುವೆ ಹೆಂಡತಿಯ ಫೋನ್. "ಕಾಫಿಪುಡಿ ಮುಗಿದಿರಬೇಕಲ್ಲ, ತಂದಿಟ್ಟಿರಿ." ಪುಡಿ ಡಬ್ಬಿ ತುಂಬಿ ತುಳುಕುತ್ತಿದೆ ಅಂತ ಹೇಳುವ ಹಾಗಿಲ್ಲ. ಬೀಜ ಹುರಿದು ಪುಡಿ ಮಾಡಿಕೊಡುವ ಅಂಗಡಿಗೆ ಹೋದೆ. ವಾಸನೆಗೆ ಅರ್ಧ ಕಾಫಿ ಕುಡಿದ ಹಾಗಾಯಿತು.

"ಚಿಕೋರಿ ಎಷ್ಟು?" ಅಂದರು ಅಂಗಡಿಯವರು.

ಮೂವತ್ತು ವರ್ಷ ಆ ಪುಡಿಯ ಕಾಫಿ ಕುಡಿದಿದ್ದೇನೆ, ಈ ಪ್ರಶ್ನೆ ನನಗೆ ಬಂದದ್ದೇ ಇಲ್ಲ. ಅಂದಾಜಿನ ಮೇಲೆ "ಅರ್ಧರ್ಧ" ಅಂದೆ.

ಅವರು ಯಂತ್ರ ನಿಲ್ಲಿಸಿದರು. "ಸ್ವಾಮಿ, ಕಾಫಿ 51 ಪರ್ಸೆಂಟ್ ಆದ್ರೂ ಇರ್ಬೇಕು ಅಂತ ಕಾನೂನಿದೆ." ಸರ್ಕಾರ ರಚಿಸುವಷ್ಟು ಬಹುಮತ ಕಾಫಿಗೆ ಇರಲೇಬೇಕು ಅಂತಾಯಿತು. ಚಿಕೋರಿ ಒಂದು ಬೇರು, ಹುರಿದು ಪುಡಿ ಮಾಡಿ ಸೇರಿಸುತ್ತಾರೆ, ಬಣ್ಣ ಮತ್ತು ಮಂದ ಅದರಿಂದ ಬರುತ್ತದೆ ಅಂತ ಅವರೇ ಪಾಠ ಹೇಳಿದರು. ಕೊನೆಗೆ, "ಎಂಬತ್ತು-ಇಪ್ಪತ್ತು ಹಾಕ್ತೀನಿ, ಮನೇಲಿ ಏನಾದ್ರೂ ಅಂದ್ರೆ ನನ್ ಹೆಸ್ರು ಹೇಳಿ" ಅಂದರು. ಹೆಸರು ಕೇಳಲು ಮರೆತೆ.

ನನ್ನ ಅಲೆದಾಟದ ಸುದ್ದಿ ಹೇಗೋ ತಂಗಿಯ ಮಗಳ ಕಿವಿಗೆ ಬಿತ್ತು. "ಮಾಮ, ಅದೆಲ್ಲ ಸರಿ. ನಿಜವಾದ ಕಾಫಿ ನಾನು ಕುಡಿಸ್ತೀನಿ, ಇಂದಿರಾನಗರಕ್ಕೆ ಬನ್ನಿ" ಅಂದಳು. ಮೆಜೆಸ್ಟಿಕ್ಕಿನಲ್ಲಿ ಹಸಿರು ಮೆಟ್ರೋ ಬಿಟ್ಟು ನೇರಳೆ ಹಿಡಿದು ಹೋದೆ. ಹಳೇ ಬಂಗಲೆಯೊಂದನ್ನು ಕಾಫಿ ಅಂಗಡಿ ಮಾಡಿದ್ದರು. ಅಂಗಳದಲ್ಲಿ ಮಾವಿನ ಮರ, ಒಳಗೆ ಎಲ್ಲರ ಮುಂದೂ ಲ್ಯಾಪ್‌ಟಾಪು. ನಮಗೆ ಸಿಕ್ಕಿದ್ದು ಕೌಂಟರಿನ ಮುಂದಿನ ಎತ್ತರದ ಸ್ಟೂಲು. ಹತ್ತಿದೆ. ಅದು ತಿರುಗುವ ಸ್ಟೂಲು ಅಂತ ಹತ್ತಿದ ಮೇಲೆ ತಿಳಿಯಿತು. ಕಾಫಿಗೆ ಬೆನ್ನು ಮಾಡಿ ನಿಂತ ನನ್ನನ್ನು ಅವಳೇ ಹಿಡಿದು ಮುಂದಕ್ಕೆ ತಿರುಗಿಸಿದಳು.

ಬೋರ್ಡಿನ ಮೇಲೆ ತೋಟದ ಹೆಸರು, ಅದರ ಕೆಳಗೆ "ಕಿತ್ತಳೆ ಸಿಪ್ಪೆ, ಬೆಲ್ಲ, ಒಣದ್ರಾಕ್ಷಿ" ಅನ್ನುವ ಅರ್ಥ ಬರುವ ಇಂಗ್ಲಿಷು. ಬೆಲೆ 280. ಕೌಂಟರಿನ ಹುಡುಗ ಬೀಜವನ್ನು ತೂಕ ಮಾಡಿದ, 15 ಗ್ರಾಂ. ಪುಡಿ ಮಾಡಿ ಪುಟ್ಟ ಬಟ್ಟಲಿನಲ್ಲಿ ನನ್ನ ಮುಂದೆ ಹಿಡಿದ. ಹಿಡಿದ ರೀತಿ ನೋಡಿ ನನಗೆ ತಟ್ಟನೆ ಬಲಗೈ ಮುಂದೆ ಹೋಯಿತು. ಒಂದು ಚಿಟಿಕೆ ತಗೊಂಡು ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿ, ಬಾಯಿಗೆ ಹಾಕಿಕೊಂಡೆ.

"ಮಾಮ, ಅದು ವಾಸನೆ ನೋಡಕ್ಕೆ!"

ಹುಡುಗ ನಗಲಿಲ್ಲ, ಪುಣ್ಯಾತ್ಮ. "ಹಲ್ಲಲ್ಲಿ ಕಡಿದು ನೋಡೋದೂ ಒಂದು ಪದ್ಧತಿನೇ ಸರ್" ಅಂದ. ಮಾತಿನ ಧಾಟಿಯಲ್ಲೇ ಮಲೆನಾಡಿನವನು ಅಂತ ಗೊತ್ತಾಯಿತು. ಮೂಡಿಗೆರೆ ಕಡೆಯವನು. ಕಾಗದದ ಫಿಲ್ಟರಿಗೆ ಕೊಕ್ಕರೆ ಕೊಕ್ಕಿನ ಕೆಟಲಿನಿಂದ ನೀರು ಸುತ್ತು ಹಾಕಿ ಬಿಡುತ್ತಲೇ ಮಾತಾಡಿದ. ಪಕ್ಕದಲ್ಲಿ ಗಡಿಯಾರ ಓಡುತ್ತಿತ್ತು, ಮೂರು ನಿಮಿಷ. ಅವನ ತಾತನ ಕಾಲದಲ್ಲಿ ಬೆಳೆದವರು ಬೆಳೆಯನ್ನೆಲ್ಲ ಸರ್ಕಾರದ ಕಾಫಿ ಬೋರ್ಡಿಗೇ ಒಪ್ಪಿಸಬೇಕಿತ್ತು, 1990ರ ದಶಕದಲ್ಲಷ್ಟೇ ಆ ಕಟ್ಟು ಸಡಿಲವಾದದ್ದು. ಯಾರ ತೋಟದ ಬೀಜವಾದರೂ ಒಂದೇ ರಾಶಿಗೆ. "ಈಗ ಬೋರ್ಡ್ ಮೇಲೆ ತೋಟದ ಹೆಸರು ಬರೀತಾರಲ್ಲ ಸರ್, ಅದು ನೋಡಕ್ಕೆ ತಾತ ಇರ್ಬೇಕಿತ್ತು" ಅಂದ. ನಾನು ಆ ಬೋರ್ಡನ್ನು ಇನ್ನೊಂದು ಸಲ ನೋಡಿದೆ. 280 ಸ್ವಲ್ಪ ಕಮ್ಮಿಯಾದ ಹಾಗೆ ಕಂಡಿತು.

"ಮನೇಲೂ ಹೀಗೇ ಮಾಡ್ತೀಯೇನಪ್ಪ?"

ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಮನೇಲಿ ಅಜ್ಜಿ ಬೆಲ್ಲದ ಕಾಫಿ ಸರ್. ದೊಡ್ಡ ಲೋಟದಲ್ಲಿ."

ಕಾಫಿ ಗಾಜಿನ ಹೂಜಿಯಲ್ಲಿ ಬಂತು, ಜೊತೆಗೆ ಎರಡು ಪುಟ್ಟ ಬಟ್ಟಲು. ಅಷ್ಟು ದೂರ ಹೋಗಿ ನಾನು ಮತ್ತೆ ಕುಡಿದದ್ದು ಬೈಟು. ಕಿತ್ತಳೆ ಸಿಪ್ಪೆ ನಿಜವಾಗಲೂ ಇತ್ತು. ಹಾಲು ಕೇಳೋಣ ಅಂತ ಬಾಯಿ ತೆಗೆದೆ, ತಂಗಿ ಮಗಳು ಸ್ಟೂಲು ತಿರುಗಿಸಿಬಿಟ್ಟಳು.

ಹೆಂಡತಿ ವಾಪಸ್ ಬಂದದ್ದು ಬುಧವಾರ ಸಂಜೆ. ಬಂದವಳು ಮೊದಲು ತೆಗೆದದ್ದು ಕಾಫಿಪುಡಿ ಡಬ್ಬಿ. ತುಂಬಿತ್ತು. ಪಕ್ಕದಲ್ಲಿ ಬಿಚ್ಚದ ಇನ್ನೊಂದು ಪೊಟ್ಟಣ. ಏನೂ ಕೇಳದೆ ಸೀದಾ ಅಕ್ಕಿ ಡ್ರಮ್ಮಿನ ಹತ್ತಿರ ಹೋದಳು. ಅದು ಹೇಗೆ ಗೊತ್ತಾಗುತ್ತದೋ ನನಗೆ ಇವತ್ತಿಗೂ ತಿಳಿದಿಲ್ಲ. ಫಿಲ್ಟರಿನ ಕೆಳಭಾಗವನ್ನು ಬಿಸಿನೀರಿನಲ್ಲಿಟ್ಟು, ಮೇಲಿನದಕ್ಕೆ ತಣ್ಣೀರು ಹಾಕಿ, ಎರಡು ನಿಮಿಷ ಬಿಟ್ಟು ತಿರುಗಿಸಿದಳು. ಟಕ್ ಅಂತ ಬಂತು. ಹತ್ತು ದಿನದ ಹಳೇ ಪುಡಿಯ ವಾಸನೆಯ ಬಗ್ಗೆ ಬರೆಯುವುದಿಲ್ಲ.

ಬೆಳಿಗ್ಗೆ ಐದೂಮುಕ್ಕಾಲಿಗೆ ಮನೆಯಲ್ಲಿ ಡಿಕಾಕ್ಷನ್ ಇಳಿದಿತ್ತು. ಒಂದು ಲೋಟ ಕುಡಿದು, "ಹಾಗೇ ವಾಕಿಂಗ್ ಹೋಗಿ ಬರ್ತೀನಿ" ಅಂದೆ. ಕ್ಯಾಲೆಂಡರಿನಲ್ಲಿ ಇನ್ನೊಂದು ಗೆರೆ ಉಳಿದಿತ್ತು.

"ನಿಲ್ಲಿ, ನಾನೂ ಬರ್ತೀನಿ" ಅಂದಳು.

ಬೇರೆ ರಸ್ತೆ ಹಿಡಿಯಬಹುದಿತ್ತು. ಕಾಲು ಅಭ್ಯಾಸದ ದಾರಿಯನ್ನೇ ಹಿಡಿಯಿತು. ದರ್ಶಿನಿ ಇನ್ನೂ ಹತ್ತು ಹೆಜ್ಜೆ ಇದ್ದಾಗಲೇ ಹುಡುಗ ಕೂಗಿದ. "ಬನ್ನಿ ನೂರೆಂಬತ್ತು ಸಾರ್!"

"ಏನ್ರೀ ಅದು ನೂರೆಂಬತ್ತು?" ಅಂದಳು ಹೆಂಡತಿ. ನಾನು ಹೊಂಗೆ ಮರ ನೋಡುತ್ತಿದ್ದೆ. ಹುಡುಗನೇ ಸಂತೋಷವಾಗಿ ಎಲ್ಲ ಹೇಳಿದ.

ಮಂಕಿ ಕ್ಯಾಪಿನವರು ಆಗಲೇ ಬಂದಿದ್ದರು, ಮುಷ್ಟಿಯಲ್ಲಿ ಒಂಬತ್ತು ರೂಪಾಯಿ. ನನ್ನ ಪಕ್ಕ ಹೆಂಡತಿಯನ್ನು ನೋಡಿ ಮುಷ್ಟಿಯನ್ನು ಮೆಲ್ಲಗೆ ಜೇಬಿಗೆ ಇಳಿಸಿ, ಒಂದು ಹೆಜ್ಜೆ ಹಿಂದೆ ಸರಿದರು. ಹುಡುಗ ನಮ್ಮ ಮೂವರನ್ನೂ ಎಣಿಸಿ, ಕ್ಯಾಲೆಂಡರಿನ ಕೊನೆಯ ಗೆರೆ ಹೊಡೆದುಹಾಕಿದ. "ಒಂದು ನಿಮ್ದು ಬಾಕಿ ಇತ್ತು, ಇನ್ನೊಂದು ಹದಿನೆಂಟು ಹಾಕಿ ಸಾರ್. ಟೂ ಬೈ ತ್ರೀ ಮಾಡಿಸ್ತೀನಿ."

"ತಲೆಗೆ ಹನ್ನೆರಡಾಯ್ತು" ಅಂದರು ಹಿರಿಯರು, ಇನ್ನೊಂದು ಜೇಬಿನಲ್ಲಿ ಮೂರು ರೂಪಾಯಿ ಹುಡುಕುತ್ತಾ. "ಅರ್ಧಕ್ಕಿಂತ ಜಾಸ್ತಿ ಆಗತ್ತೆ. ಇರ್ಲಿ, ಡಾಕ್ಟ್ರಿಗೇನು ಗೊತ್ತಾಗತ್ತೆ."

ನಾನು ಫೋನ್ ತೆಗೆದೆ. ಹೆಂಡತಿ ಅದನ್ನು ಕೈಯಿಂದ ತಗೊಂಡು, ತನ್ನ ಕನ್ನಡಕ ಏರಿಸಿಕೊಂಡಳು.