ಗೋಡೆ ತಟ್ಟುವ ಮಾವನವರು

ಕಾರಿಗೂ ಗ್ಯಾರೇಜಿನ ಗೋಡೆಗೂ ನಡುವೆ ಉಳಿಯುವ ಗೇಣಗಲದ ಸಂದಿಯಲ್ಲಿ ಉಸಿರು ಬಿಗಿಹಿಡಿದು, ಹೊಟ್ಟೆಯನ್ನು ಒಳಗೆಳೆದುಕೊಂಡು ನುಸುಳುವ ವಿದ್ಯೆ ಕಾರಿರುವವರಿಗೆಲ್ಲ ಕರಗತವೇ. ಕಳೆದ ವಾರ ಹಾಗೆ ನುಸುಳಿದಾಗ, ಆಗಷ್ಟೇ ಇಸ್ತ್ರಿಯಾದ ನನ್ನ ಅಂಗಿಯ ಬೆನ್ನು ಪೂರ್ತಿ ಬೂದಿಬಣ್ಣಕ್ಕೆ ತಿರುಗಿತು. ಕೋಣೆಗಳಿಗೆಲ್ಲ ಬಣ್ಣ ಬಳಿಯುವಷ್ಟರಲ್ಲಿ ಹಣ ಮುಗಿದು, 'ಕಾರು ನಿಲ್ಲುವ ಜಾಗ ತಾನೇ' ಎಂದು ಬೆತ್ತಲೆಯಾಗಿಯೇ ಬಿಟ್ಟ ಸಿಮೆಂಟ್ ಬ್ಲಾಕಿನ ಗೋಡೆಯದು. ಪುಡಿ ಉದುರಿಸಿ ಸೇಡು ತೀರಿಸಿಕೊಳ್ಳುತ್ತಿದೆ.

ಅಗ್ಗದಲ್ಲಿ ಮುಗಿಸುವುದಾದರೂ ಮೊದಲು ತೇವವನ್ನು ಪರೀಕ್ಷಿಸಬೇಕು. ಪ್ಲಾಸ್ಟಿಕ್ ಹಾಳೆಯೊಂದನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಗೋಡೆಗೆ ಅಂಟಿಸಿ ಒಂದೆರಡು ದಿನ ಬಿಟ್ಟರೆ, ಹನಿಗಳು ಹಾಳೆಯ ಹಿಂದೆ ಕಂಡರೆ ತೇವ ಗೋಡೆಯದು, ಮುಂದೆ ಕಂಡರೆ ಗಾಳಿಯದು. ಆದರೆ ನಮ್ಮ ಮಾವನವರಿಗೆ ಹಾಳೆಯಲ್ಲಿ ನಂಬಿಕೆಯಿಲ್ಲ. ಅವರು ಬೆರಳು ಮಡಿಸಿ, ಗೆಣ್ಣಿನಿಂದ ಗೋಡೆಯನ್ನು ಟಕಟಕನೆ ತಟ್ಟುತ್ತಾರೆ. ನಾಡಿ ನೋಡುವ ಪಂಡಿತರಂತೆ ಕಣ್ಣು ಮುಚ್ಚುತ್ತಾರೆ. ಒಂದು ಹೆಜ್ಜೆ ಸರಿದು ಮತ್ತೆ ತಟ್ಟುತ್ತಾರೆ. ಪ್ಲೈವುಡ್ ಹೊಡೆಸೋಣವೆಂದೆ. ತಟ್ಟಿದರು, "ಗೆದ್ದಲು" ಎಂದರು. ಪುಟ್ಟಿ ಎಂದೆ. ತಟ್ಟಿದರು, "ತೇವಕ್ಕೆ ಹಕ್ಕಳೆ ಏಳುತ್ತದೆ" ಎಂದರು. ಜಿಪ್ಸಮ್ ಹಲಗೆ ಎಂದೆ. ಜಿಪ್ಸಮ್ಮಿನ ತೂಕದಲ್ಲಿ ಸುಮಾರು ಶೇ. 20ರಷ್ಟು ಹರಳಿನೊಳಗೆ ಸೆರೆಯಾದ ನೀರೇ ಇರುವುದರಿಂದ ಆ ಹಲಗೆ ಬೆಂಕಿಯನ್ನು ತಡೆಯುತ್ತದೆ ಎಂದು ಎಲ್ಲ ವಿದ್ವತ್ತನ್ನೂ ಒಟ್ಟುಗೂಡಿಸಿ ವಾದಿಸಿದೆ. ಸಾವಕಾಶವಾಗಿ ತಟ್ಟಿ, "ಬಂಪರನ್ನು ತಡೆಯುತ್ತದೆಯೇ, ಅಳಿಯಂದಿರೇ?" ಎಂದು ಕೇಳಿದರು. ನನಗೆ ಸಿಟ್ಟು ಬರುವುದು ಅವರು ತಟ್ಟುವುದಕ್ಕಲ್ಲ, ಪ್ರತಿ ಸಲವೂ ಅವರ ಮಾತು ಸರಿಯಾಗಿರುವುದಕ್ಕೆ.

ಕೊನೆಗೆ ಉಳಿದದ್ದು ಸಿಮೆಂಟ್ ಪೇಂಟು. ಅದು ಅಗ್ಗ, ಮೇಲಾಗಿ ಗೋಡೆಯ ತೇವ ಆರಿಹೋಗಲು ಎಡೆಗೊಡುತ್ತದೆ. ಬಿಳಿಯ ಉಪ್ಪು ಅರಳಿದ ಕಡೆಯೆಲ್ಲ ತಂತಿಬ್ರಷ್ಷಿನಿಂದ ಒಣಗಿದ್ದಂತೆಯೇ ಉಜ್ಜಿ ತೆಗೆದು, ಆಮೇಲೆ ಗೋಡೆಗೆ ನೀರು ಚಿಮುಕಿಸಿ ಬಳಿಯಬೇಕು. ಹಾಗೆ ಉಜ್ಜುತ್ತಿದ್ದಾಗ ಮೂಲೆಯಲ್ಲಿ ಪೆನ್ಸಿಲಿನ ಬರಹ ಕಾಣಿಸಿತು: ಮನೆ ಕಟ್ಟಿದ ಮೇಸ್ತ್ರಿ ಗೀಚಿದ್ದ ಕೂಲಿಯ ಲೆಕ್ಕ, ಕೆಳಗೆ ಒತ್ತಿ ಎಳೆದ ಎರಡು ಗೆರೆ. ಅವರು ಆಮೇಲೆ ಎಷ್ಟು ಮನೆ ಕಟ್ಟಿದರೋ, ತಮಗೊಂದು ಕಟ್ಟಿಕೊಂಡರೋ ಇಲ್ಲವೋ. ಅಷ್ಟು ಜಾಗಕ್ಕೆ ಬ್ರಷ್ಷು ತಾಗಿಸಲು ಮನಸ್ಸಾಗದೆ ಹಾಗೆಯೇ ಬಿಟ್ಟೆ.

ನಿನ್ನೆ ಸಂಜೆ ಎರಡನೆಯ ಕೋಟು ಮುಗಿಸಿ, ಸೊಂಟ ನೆಟ್ಟಗಾಗಿಸುವ ಹೊತ್ತಿಗೆ ಮಾವನವರು ಬಂದರು. ನಾನು ಬೇಡವೆನ್ನುವ ಮೊದಲೇ ತಟ್ಟಿಯೂ ಬಿಟ್ಟರು. ಬೆಳ್ಳಗಾದ ಗೆಣ್ಣುಗಳನ್ನು ಬಹಳ ಹೊತ್ತು ನೋಡಿಕೊಂಡು, "ಇನ್ನೂ ಒಣಗಿಲ್ಲ" ಎಂದು ತೀರ್ಪು ಕೊಟ್ಟರು.